ಬ್ಯಾಸಗಿ ಬಾಲು

ಮೊದಲು ನಾನು ಬರೆಯಹೊರಟಿದ್ದು ರೇಲ್ವೆ ಕ್ರಿಕೆಟ್ಟಿನ ಚರಿತ್ರೆ.
ಹತ್ತೊಂಬತ್ತು ವರ್ಷ, ಹುಬ್ಬಳ್ಳಿಯ ವರ್ಕ್‌ಶಾಪ್ ಮೈದಾನದಲ್ಲಿ
ಬೇವಿನ ಬುಡಕ್ಕೆ ಕಬ್ಬಿಣದ ಕುರ್ಚಿ ಹಾಕಿಕೊಂಡು
ಅವರಿವರ ಓಟ ಬರೆದವನು.
ಒಂದು ದಿನವೂ ಬ್ಯಾಟು ಹಿಡಿದವನಲ್ಲ.
ಅಕ್ಷರ ದುಂಡಗಿತ್ತು, ಅಷ್ಟೇ ನನ್ನ ಅರ್ಹತೆ.

ಚುಕ್ಕೆ, ಚುಕ್ಕೆ, ಒಂದು, ಚುಕ್ಕೆ.
ಬಿಸಿಲಲ್ಲಿ ಓಡಿದವರು ಉಂಡು ಮಲಗಿದ ಮೇಲೂ
ನನ್ನ ವಹಿಯಲ್ಲಿ ಓಡುತ್ತಲೇ ಇರುತ್ತಿದ್ದರು.
ಚರಿತ್ರೆಯೆಂದರೆ ಇದೇ ಇರಬೇಕೆಂದು
ನಿವೃತ್ತನಾದ ವಾರವೇ ದುರ್ಗದ ಬೈಲಿನಲ್ಲಿ
ಎರಡು ಡಜನ್ ನೋಟ್‌ಬುಕ್ಕು ಕೊಂಡೆ.

ಹಳಬರನ್ನು ಹುಡುಕುತ್ತ ಸೆಟ್ಲಮೆಂಟಿಗೆ ಹೋದದ್ದು ಹಾಗೆ.
ಹುಲಿಗೆವ್ವ ಕಟ್ಟೆಯ ಮೇಲೆ ಬುಟ್ಟಿ ಹೆಣೆಯುತ್ತಿದ್ದಳು.
“ಕ್ರಿಕೇಟ ಗೊತ್ತಿಲ್ಲೋ ಯಪ್ಪಾ. ನಮ್ಮಣ್ಣ ಆಡತಿದ್ದದ್ದು ಬ್ಯಾಸಗಿ ಬಾಲು.”
ಬೇಸಿಗೆಯಲ್ಲಿ ಮಾತ್ರ ಆಡುತ್ತಿದ್ದರೇನು?
“ಇಲ್ಲ, ಮಳಿಗಾಲದಾಗೂ ಆಡತಿದ್ರು. ಹೆಸರ ಹಂಗ.”

ಬರೆದುಕೊಂಡೆ: ಬೇಸಿಗೆ ಚೆಂಡು. ಸ್ಥಳೀಯ ಆಟ.
ಚಿಣಿಪಣಿಯ ತಮ್ಮನಿರಬಹುದು.
ಎಂಥ ತಪ್ಪು, ಎಂಥ ದುಂಡಗಿನ ಅಕ್ಷರದಲ್ಲಿ!

ಮೂರು ತಿಂಗಳ ಮೇಲೆ ಒಂದು ರಾತ್ರಿ
ಗಿರಮಿಟ್ಟಿನ ಪೊಟ್ಟಣ ಬಿಚ್ಚಿ ಕೂತಾಗ
ಶಬ್ದ ತಾನಾಗಿ ಬಾಯೊಳಗೆ ಒಡೆಯಿತು.
ಬ್ಯಾಸಗಿ ಬಾಲು. ಬ್ಯಾಸ ಬಾಲು. ಬೇಸ್‌ಬಾಲು.
ಮೆಣಸಿನಕಾಯಿ ಕಚ್ಚಿದ್ದೆನೋ ಏನೋ, ಕಣ್ಣಲ್ಲಿ ನೀರು.

ಹೌದು, ಒಬ್ಬ ಅಮೇರಿಕಾದ ಪಾದ್ರಿ ಇದ್ದ, ಹಾರ್ಲನ್ ಸಾಹೇಬ.
ಬಿಸಿಲಿಗೆ ಅವನ ಮೂಗು ಸದಾ ಸುಲಿದಿರುತ್ತಿತ್ತು.
ಅವನ ಟ್ರಂಕಿನಲ್ಲಿ ಬೈಬಲ್ಲುಗಳ ಕೆಳಗೆ
ಒಂದು ದುಂಡನೆ ದೊಣ್ಣೆ, ಒಂದೇ ಒಂದು ಚೆಂಡು.
ಚೆಂಡು ಹರಿದಾಗ ಹುಲಿಗೆವ್ವನ ಅವ್ವ
ಗಿರಣಿಯ ನೂಲು ಸುತ್ತಿ, ಹಳೆ ಚಪ್ಪಲಿಯ ತೊಗಲು ಹೊಲಿದು ಕೊಟ್ಟಳು.
“ನಾಕ ಮನಿ. ಒಂದ ಮನಿ ಬಿಟ್ಟು ಓಡೋದು,
ಉಳದ ಮೂರು ಮುಟ್ಟೋದು, ಹೊಳ್ಳಿ ಅದ ಮನಿಗೆ ಬರೋದು.
ಬಂದ್ರ ಒಂದು. ಅಷ್ಟ ಆಟ.”
ಬಿದಿರ ಸೀಳುಗಳನ್ನು ನೆಲಕ್ಕಿಟ್ಟು ತೋರಿಸಿದಳು.

ಓಟ ಬರೆಯುತ್ತಿದ್ದವರು ಯಾರವ್ವಾ?
ನಕ್ಕಳು. “ನಮ್ಮನ್ನ ಬರೀಲಿಕ್ಕೆ ಪೊಲೀಸ್ರ ಇದ್ರಲ್ಲೋ.”

ಧಾರವಾಡ. ಕಚೇರಿಯ ಹಿಂದಿನ ದಫ್ತರ ಖೋಲಿ.
ಕಾರಕೂನ ಇಟಗಿಯವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು
ಕೆಂಪು ಅರಿವೆಯ ಗಂಟು ಇಳಿಸಿದರು.
ಆಟಪಾಟದ ಕಾಗದ ಇಲ್ಲಿಲ್ರಿ,
ಸೆಟ್ಲಮೆಂಟಿನ ಹಾಜರಿ ಪುಸ್ತಕ ಬೇಕಾದರ ನೋಡ್ರಿ, ಎಂದರು.

ಮುಂಜಾನೆ, ಸಂಜೆ, ರಾತ್ರಿ.
ಹೆಸರಿನ ಮುಂದೆ ನಂಬರು, ನಂಬರಿನ ಮುಂದೆ ಚುಕ್ಕೆ.
ಚುಕ್ಕೆ, ಚುಕ್ಕೆ, ಚುಕ್ಕೆ.
ನಾನು ಬಲ್ಲ ಲಿಪಿ. ಆದರೂ ಕೈ ನಡುಗಿತು.

ಒಂದು ಶನಿವಾರದ ಸಾಲು:
ಒಂಬತ್ತು ಮಂದಿ, ಪಾದ್ರಿಯ ಜಾಮೀನಿನ ಮೇಲೆ,
ತಂತಿಬೇಲಿಯ ಹೊರಗೆ, ರೇಲ್ವೆ ಬಯಲಿಗೆ, ಆಟಕ್ಕೆ.
ಹೊರಟದ್ದು ನಾಲ್ಕಕ್ಕೆ. ಆರೂ ಹತ್ತಕ್ಕೆ ಎಂಟು ಮಂದಿ ಹಾಜರು.
ನಂಬರು ಇನ್ನೂರ ಹದಿನಾಲ್ಕು, ಆರೂ ಮೂವತ್ತೈದಕ್ಕೆ.
ತಡಕ್ಕೆ ಕಾರಣ: ಚೆಂಡು ಹುಡುಕುತ್ತಿದ್ದೆ ಅನ್ನುತ್ತಾನೆ.
ದಂಡ ನಾಲ್ಕಾಣೆ.

ಇಷ್ಟೇ. ಗೆದ್ದವರು ಯಾರು, ಎಷ್ಟು ಓಟ, ಬರೆದಿಲ್ಲ.
ಹವಾಲದಾರನಿಗೆ ಬೇಕಾದದ್ದು ಒಂದೇ ಲೆಕ್ಕ,
ಹೊರಟವರು ಹೊಳ್ಳಿ ಮನೆ ಮುಟ್ಟಿದರೋ ಇಲ್ಲವೋ.
ಆಟದ ಲೆಕ್ಕವೂ ಅದೇ ಆಗಿತ್ತಲ್ಲ
ಎಂದು ಹೊಳೆದದ್ದು ಚಿಗರಿ ಬಸ್ಸಿನಲ್ಲಿ, ನವನಗರ ದಾಟುವಾಗ.
ಪಕ್ಕದವರಿಗೆ ಹೇಳಬೇಕೆನಿಸಿತು. ಅವರು ನಿದ್ದೆಯಲ್ಲಿದ್ದರು.

ಹುಲಿಗೆವ್ವನಿಗೆ ಓದಿ ಹೇಳಿದೆ.
ಇನ್ನೂರ ಹದಿನಾಲ್ಕು ಅವಳ ಅಣ್ಣ, ದುರಗಪ್ಪ.
ದಂಡದ ಮಾತಿಗೆ ಅವಳು ತಲೆ ಎತ್ತಲಿಲ್ಲ.
ಬಹಳ ಹೊತ್ತಿನ ಮೇಲೆ ಕೇಳಿದಳು:
“ಚೆಂಡ ಸಿಕ್ಕಿತ್ತಂತ?”

ಅದನ್ನು ಬರೆದಿಲ್ಲವ್ವಾ.

ರೇಲ್ವೆ ಕ್ರಿಕೆಟ್ಟಿನ ನೋಟ್‌ಬುಕ್ಕುಗಳು ಅಟ್ಟದ ಮೇಲಿವೆ.
ಹೊಸ ಪುಸ್ತಕದ ಮೊದಲ ಸಾಲು ಇನ್ನೂ ಕೂಡಿಲ್ಲ.
ಸಂಜೆ ಆರೂ ಹತ್ತಕ್ಕೆ ಆ ಬಯಲಿಗೆ ಹೋಗಿ
ಇಪ್ಪತ್ತೈದು ನಿಮಿಷ,
ಕಾಂಗ್ರೆಸ್ ಕಸವನ್ನು ಕಾಲಿನಿಂದ ಸರಿಸುತ್ತ ನಡೆಯುತ್ತೇನೆ.